ಸುಣ್ಣವಿಲ್ಲದ ಪಾಂಡವ

ನವೆಂಬರ್ 3, ಸೋಮವಾರ

‘ನೆಲಕ್ಕೆ ಕೊಟ್ಟದ್ದನ್ನು ನೆಲ ಇದ್ದಲ್ಲೇ ಇಟ್ಟು ಕಾಯುತ್ತದೆ’ ಎಂಬಂಥ ಒಂದು ಸಾಲು ಬೆಳಗಿನಿಂದ ತಲೆಯಲ್ಲಿ ಸುತ್ತುತ್ತಿದೆ. ಎಲ್ಲಿ ಓದಿದೆನೋ ಗೊತ್ತಿಲ್ಲ. ಅದರ ಮುಂದೆ ಇನ್ನೊಂದು ಸಾಲಿತ್ತು, ಅದು ಹೋಗಿದೆ. ಬರೆದವರು ಯಾರೇ ಇರಲಿ, ಎರೆಹೊಲ ಕಂಡವರಲ್ಲ. ನಮ್ಮ ಶಲವಡಿಯ ನೆಲ ಏನನ್ನೂ ಇದ್ದಲ್ಲಿ ಇಡುವುದಿಲ್ಲ. ಬೇಸಿಗೆಯಲ್ಲಿ ಮೊಳಕೈ ಇಳಿಯುವಷ್ಟು ಬಿರಿದು ಸಿಕ್ಕಿದ್ದನ್ನು ನುಂಗುತ್ತದೆ. ಮಳೆ ಬಿದ್ದ ಮೇಲೆ ಉಬ್ಬಿ ಯಾವುದೋ ಕಾಲದ ಕಲ್ಲನ್ನು ಮೇಲೆ ತಂದು ಹಾಕುತ್ತದೆ. ಪಕ್ಕದ ಮನೆಯ ಶಂಕ್ರಪ್ಪನವರ ಕುಡುಗೋಲು ಬಿರುಕಿನಲ್ಲಿ ಬಿದ್ದು ಎರಡು ವರ್ಷದ ಮೇಲೆ ಹತ್ತು ಮಾರು ಆಚೆ ಸಿಕ್ಕಿತ್ತಂತೆ. ಅದನ್ನು ಕಾಯುವುದು ಎನ್ನುತ್ತಾರೆಯೇ?

ಸಾಲು ನೆನಪಾಗಲು ಕಾರಣ ಶಂಕ್ರಪ್ಪನವರ ಹೆಂಡತಿ ಸಾವಿತ್ರೆವ್ವ. ಬೆಳಿಗ್ಗೆ ಬಂದು ಬಾಗಿಲಲ್ಲಿ ನಿಂತಳು. ಇಪ್ಪತ್ತು ವರ್ಷದಿಂದ ಆಕೆ ನಮ್ಮ ಬಾಗಿಲಲ್ಲೇ ನಿಲ್ಲುತ್ತಾಳೆ. ಒಳಗೆ ಬಾ ಎಂದರೆ ಕೆಲಸ ಐತ್ರಿ ಎನ್ನುತ್ತಾಳೆ, ಹಾಗೆಂದು ಅಲ್ಲೇ ಒಂದು ತಾಸು ನಿಲ್ಲುತ್ತಾಳೆ.

“ಅಕ್ಕೋರ, ನಮ್ಮ ಐಶ್ವರ್ಯ ಅದೇನೋ ಹಳೇ ಊರು ಅಗದು ತಗಿಯೂ ಓದು ಓದತೀನಿ ಅಂತಾಳ್ರಿ. ಅರ್ಜಿ ಇಂಗ್ಲೀಷಿನ್ಯಾಗ ಐತಂತ. ನೀವು ಒಂದೀಟ ಕೈ ಹಚ್ರಿ.”

“ಆಕಿಗೆ ಅದರ ಮ್ಯಾಲೆ ಮನಸ್ಸು ಅದ ಏನು?”

“ಮನಸ್ಸು ಏನ್ ಬಿಡ್ರಿ. ಬಿ.ಎ. ಮುಗದೈತಿ. ಸುಮ್ನ ಕುಂತ್ರ ಮುಂದಿನ ವಾರ ಕನ್ಯಾ ನೋಡಾಕ ಬರ್ತಾರ.”

ಒಪ್ಪಿಕೊಂಡೆ. ನಾನು ಕನ್ನಡ ಎಂ.ಎ., ಅಣ್ಣಿಗೇರಿಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಹದಿನಾರು ವರ್ಷದಿಂದ ಅತಿಥಿ. ಇಷ್ಟು ದಿನ ಉಳಿದ ಅತಿಥಿಯನ್ನು ಬೇರೆ ಯಾವ ಮನೆಯವರೂ ಸಹಿಸಿರಲಾರರು. ಐಶ್ವರ್ಯ ನನ್ನ ತರಗತಿಯಲ್ಲೇ ಕೂತವಳು, ಕಿಟಕಿಯ ಪಕ್ಕ. ಹುಡುಗಿಯ ಅರ್ಜಿಗೆ ನಾಲ್ಕು ಸಂಜೆ ಸಾಕು.

ನವೆಂಬರ್ 6, ಗುರುವಾರ

ಮೂರು ಕಡೆ ಅರ್ಜಿ. ಒಂದು ಬರಿಯ ಪುರಾತತ್ವ. ಎರಡು ಕಡೆ ‘ಕ್ಲಾಸಿಕ್ಸ್ ಮತ್ತು ಪುರಾತತ್ವ’. ಮೂರರಲ್ಲಿ ಪುಣೆ ಹತ್ತಿರದ ಸಂಸ್ಥೆಯೇ ಒಳ್ಳೆಯದು ಎಂದು ನನಗನ್ನಿಸುತ್ತದೆ. ಹುಡುಗಿಗೆ ಮೂರೂ ಒಂದೇ. ಕೊನೆಯ ದಿನ ಡಿಸೆಂಬರ್ ಮೂವತ್ತೊಂದು. ಬೇಕಾದದ್ದು: ಐದುನೂರು ಪದಗಳ ಉದ್ದೇಶ ಪತ್ರ, ಎರಡು ಶಿಫಾರಸು, ಮನೆಯ ಹತ್ತಿರದ ಯಾವುದಾದರೂ ಹಳೆಯ ವಸ್ತುವಿನ ಮೇಲೆ ಒಂದು ಕ್ಷೇತ್ರ ವರದಿ.

‘ನಿಮಗೆ ಬರುವ ಪ್ರಾಚೀನ ಭಾಷೆ’ ಎಂಬಲ್ಲಿ ಒಂದು ಪಟ್ಟಿ ಇಳಿಯುತ್ತದೆ. ಗ್ರೀಕು, ಲ್ಯಾಟಿನ್, ಸಂಸ್ಕೃತ, ಪಾಲಿ, ಪ್ರಾಕೃತ. ಹಳಗನ್ನಡ ಇಲ್ಲ. ಕೊನೆಗೆ ‘ಇತರೆ’ ಇತ್ತು. ಸಾವಿರ ವರ್ಷದ ಸಾಹಿತ್ಯವನ್ನು ‘ಇತರೆ’ಯೊಳಗೆ ಕೂಡಿಸಿದೆ. ಜಾಗ ಸಾಲದು ಎಂದು ಅದೇನೂ ದೂರಲಿಲ್ಲ.

ಉದ್ದೇಶ ಪತ್ರಕ್ಕಾಗಿ ಐಶ್ವರ್ಯಳನ್ನು ಎದುರಿಗೆ ಕೂಡಿಸಿಕೊಂಡು ಕೇಳಿದೆ, ಈ ವಿಷಯವೇ ಯಾಕೆ?

“ಹಳೇದು ಚಂದ ಇರತೈತ್ರಿ ಮೇಡಂ.”

“ಮತ್ತ?”

“ಮತ್ತ… ಅಗದಿ ಶಾಂತ ಇರತೈತ್ರಿ.” ಎಂದು ಮೊಬೈಲು ನೋಡಿದಳು.

ಇದರಿಂದ ಐದುನೂರು ಪದ ಹೊರಡುವುದಿಲ್ಲ. ನಾನೇ ಶುರು ಮಾಡಿದೆ: ‘ನಾನು ಏಳು ವರ್ಷದವಳಿದ್ದಾಗ ಅಜ್ಜ ನನ್ನನ್ನು ಅಣ್ಣಿಗೇರಿಯ ಗುಡಿಯ ಶಾಸನದ ಮುಂದೆ ನಿಲ್ಲಿಸಿ, ನನ್ನ ಬೆರಳು ಹಿಡಿದು ಅಕ್ಷರಗಳ ಕುಳಿಯಲ್ಲಿ ಓಡಿಸಿದರು. ಕಲ್ಲು ಬಿಸಿಲಿಗೆ ಕಾದಿತ್ತು. ಅಕ್ಷರದೊಳಗೆ ಮಾತ್ರ ತಂಪಿತ್ತು.’ ಓದಿ ಹೇಳಿದೆ.

ಐಶ್ವರ್ಯ ಮೊಬೈಲು ಕೆಳಗಿಟ್ಟಳು. “ಚೊಲೋ ಐತ್ರಿ. ಆದ್ರ ನಮ್ಮಜ್ಜ ನಾ ಹುಟ್ಟೂಕಿಂತ ಮೊದಲ ಸತ್ತಾನ್ರಿ.”

ಅರ್ಜಿಯೂ ಸಾಹಿತ್ಯದ ಒಂದು ಪ್ರಕಾರ, ಅಲ್ಲಿ ಅಜ್ಜ ಒಂದು ಪಾತ್ರ ಎಂದು ತಿಳಿಸಿ ಹೇಳಿದೆ. ಒಪ್ಪಿದಳು. ಒಳ್ಳೆಯ ಹುಡುಗಿ.

ನವೆಂಬರ್ 12, ಬುಧವಾರ

ವರದಿಗೆ ವಸ್ತು ಸಿಕ್ಕಿದೆ. ಅದೂ ಬಾಗಿಲಲ್ಲಿ ನಿಂತ ಸಾವಿತ್ರೆವ್ವನಿಂದ.

ಅವರ ಹೊಲದಲ್ಲಿ, ಎಲ್ಲರ ಹೊಲದಲ್ಲಿರುವ ಹಾಗೆ, ಬನ್ನಿಗಿಡದ ಬುಡಕ್ಕೆ ಐದು ಕಲ್ಲುಗಳಿವೆ. ಅವು ಪಾಂಡವರು. ಹಿಂದೆ ತುಸು ದೂರದಲ್ಲಿ ಇನ್ನೊಂದು, ಅದು ಕಳ್ಳ. ಎಳ್ಳ ಅಮಾವಾಸ್ಯೆಗೆ, ನಮ್ಮ ಎಳ್ಳಮಾಸಿಗೆ, ಹೊಲಕ್ಕೆ ಅನ್ನದ ಚರಗ ಚೆಲ್ಲಲು ಹೋದಾಗ ಪಾಂಡವರಿಗೆ ಸುಣ್ಣ ಹಚ್ಚಿ, ಕುಂಕುಮ ಇಟ್ಟು ಎಡೆ ಇಡುತ್ತಾರೆ. ಕಳ್ಳನಿಗೆ ಸುಣ್ಣವಿಲ್ಲ. “ನಡಬರಕಿನ ಧರ್ಮರಾಯನ ಮೈಮ್ಯಾಲೆ ಏನೋ ಗೀಚಿದಂಗ ಐತ್ರಿ. ನಮ್ಮತ್ತಿ ಇದ್ದಾಗ ಸುಣ್ಣ ಉದುರಿ ಕಂಡಿತ್ತು,” ಎಂದಳು.

ಸಂಜೆ ತಾಯಿ, ಮಗಳು, ನಾನು ಮೂವರೂ ಹೋಗಿ ನೋಡಿದೆವು. ನಡುವಿನ ಕಲ್ಲಿನ ಅಂಚಿನಲ್ಲಿ ಸುಣ್ಣದ ಚಕ್ಕೆಯೊಂದು ಎದ್ದಿತ್ತು. ಉಗುರಿನಿಂದ ಎಬ್ಬಿಸಿದೆ. ಕೆಳಗೆ ಒಂದು ಬಾಗು. ನಿಸರ್ಗ ಹಾಗೆ ಬಾಗಿಸುವುದಿಲ್ಲ. ಉಳಿ ಹಿಡಿದ ಕೈ ಮಾತ್ರ ಹಾಗೆ ತಿರುಗುತ್ತದೆ.

ಶಂಕ್ರಪ್ಪನವರನ್ನು ಕೇಳಿದೆ, ತೊಳೆಯಬಹುದೇ ಎಂದು. “ತೊಳೀರಿ ಅಕ್ಕೋರ. ದೇವರ ಮೈ ತೊಳೀತೀನಂದ್ರ ಬ್ಯಾಡನ್ನಾಕ ನಾ ಯಾರು?” ಎಂದರು. ಹೆಚ್ಚಿನ ವಿವರಣೆಯ ಅಗತ್ಯ ಕಾಣಲಿಲ್ಲ.

ನವೆಂಬರ್ 16, ಭಾನುವಾರ

ಬೆಳಿಗ್ಗೆ ಎಂಟಕ್ಕೆ ಹೊಲಕ್ಕೆ ಹೋದೆವು. ಎರಡು ಕೊಡ ನೀರು, ಬಿದಿರಿನ ಸೀಳು, ತೆಂಗಿನ ನಾರು, ಮೆತ್ತನೆಯ ಬ್ರಷ್ಷು. ಕಬ್ಬಿಣ ಮುಟ್ಟಿಸಬಾರದು ಎಂದು ಹುಡುಗಿಗೆ ಮೂರು ಸಲ ಹೇಳಿದೆ.

ಸುಣ್ಣ ಪದರು ಪದರಾಗಿ ಬರುತ್ತದೆ. ಒಂದೊಂದು ಎಳ್ಳಮಾಸಿಗೆ ಒಂದೊಂದು. ನಡುನಡುವೆ ಕುಂಕುಮದ ಕೆಂಪು, ಎಣ್ಣೆಯ ಕಂದು. ಐಶ್ವರ್ಯ ಹನ್ನೊಂದರವರೆಗೆ ಎಣಿಸಿದಳು. ಅಷ್ಟರಲ್ಲಿ ಬಾಜೂ ಹೊಲಕ್ಕೆ ಕಡಲೆಗೆ ಔಷಧಿ ಹೊಡೆಯುವ ಡ್ರೋನು ಬಂತು. “ಹತ್ತ ನಿಮಿಷ ನೋಡಿ ಬರ್ತೀನ್ರಿ ಮೇಡಂ,” ಎಂದು ಹೋದವಳು ಊಟದ ಹೊತ್ತಿಗೆ ಬಂದಳು. ಅದರ ರೆಕ್ಕೆ ಎಷ್ಟು, ಬ್ಯಾಟರಿ ಎಷ್ಟು ಹೊತ್ತು, ಒಂದು ಎಕರೆಗೆ ಎಷ್ಟು ನಿಮಿಷ, ಎಲ್ಲ ಹೇಳಿದಳು. ಇಷ್ಟು ಮಾತು ಈ ಹುಡುಗಿಯ ಬಾಯಿಂದ ನಾನು ಕೇಳಿರಲಿಲ್ಲ.

ನಾನು ಮೂವತ್ತೇಳರವರೆಗೆ ಎಣಿಸಿದೆ. ಮೂವತ್ತೇಳು ವರ್ಷದ ಹಿಂದೆ ನಾನು ಮೊರಬದ ತವರಲ್ಲಿ ಆರನೆಯ ಇಯತ್ತೆ ಓದುತ್ತಿದ್ದೆ. ಮಧ್ಯಾಹ್ನ ಎರಡಕ್ಕೆ ಎದ್ದಾಗ ಮಂಡಿ ನೆಟ್ಟಗಾಗಲಿಲ್ಲ. ಹಸಿವೂ ಗೊತ್ತಾಗಿರಲಿಲ್ಲ.

ಮನೆಗೆ ಬಂದಾಗ ನಮ್ಮವರು, ಅಂದರೆ ಕೃಷ್ಣಾಜಿಯವರು, ನವಲಗುಂದದ ಕಚೇರಿಗೆ ಸೂಟಿಯಾದ್ದರಿಂದ ಮನೆಯಲ್ಲೇ ಇದ್ದರು. ನನ್ನ ಕೂದಲು ನೋಡಿ, “ಒಂದ ದಿನದಾಗ ಇಷ್ಟು ಬೆಳ್ಳಗಾದಿ?” ಎಂದರು.

“ಸುಣ್ಣ.”

“ಪಾಪ, ಆ ಹುಡುಗಿಗೆ ಎಷ್ಟು ಕಷ್ಟ,” ಎಂದು ಪೇಪರು ಮಗುಚಿದರು.

ನವೆಂಬರ್ 23, ಭಾನುವಾರ

ಮತ್ತೆರಡು ಸಂಜೆ, ಒಂದು ಪೂರ್ತಿ ದಿನ. ಕಲ್ಲು ಬಯಲಾಯಿತು. ಪುಟ್ಟ ಕಲ್ಲು, ಎರಡು ಗೇಣು ಅಗಲ. ಮೇಲಿನ ಭಾಗ ಒಡೆದು ಹೋಗಿದೆ. ಉಳಿದದ್ದು ನಾಲ್ಕೂವರೆ ಸಾಲು. ಮಲ್ಲಿಗೆ ಮೊಗ್ಗಿನಂಥ ದುಂಡು ಅಕ್ಷರ. ಕಾಲ ಹನ್ನೆರಡನೆಯ ಶತಮಾನದ ಆಸುಪಾಸು ಇರಬೇಕು. ಹೆಚ್ಚು ಹೇಳುವ ಅಧಿಕಾರ ನನಗಿಲ್ಲ.

ದಾನ ಕೊಟ್ಟವರ ಹೆಸರು ಒಡೆದ ಭಾಗದಲ್ಲಿ ಹೋಗಿದೆ. ಯಾರಿಗೆ ಕೊಟ್ಟರು ಎಂಬುದೂ ಹೋಗಿದೆ. ಏನು ಕೊಟ್ಟರು ಎಂಬುದು ಅರ್ಧ ಇದೆ: ದೀಪಕ್ಕೆ ಎಣ್ಣೆ ಎಂಬಷ್ಟು. ಪೂರ್ತಿಯಾಗಿ, ಒಂದಕ್ಷರ ಮುಕ್ಕಾಗದೆ ಉಳಿದಿರುವುದು ಕೊನೆಯ ಶಾಪ ಮಾತ್ರ. ಇದನ್ನು ಅಳಿಸಿದವನು ನರಕಕ್ಕಿಳಿಯುತ್ತಾನೆ, ಇತ್ಯಾದಿ. ಕೊಟ್ಟವರು, ಪಡೆದವರು, ದೀಪ, ಗುಡಿ ಎಲ್ಲ ಹೋಗಿ ಬೈಗುಳವೊಂದು ಒಂಬೈನೂರು ವರ್ಷ ಬಾಳಿದೆ. ನಮ್ಮ ಕಡೆಯ ಜನರ ಸ್ವಭಾವಕ್ಕೆ ಇದಕ್ಕಿಂತ ಹಳೆಯ ದಾಖಲೆ ಬೇಕಿಲ್ಲ.

ಹಸಿ ಕಾಗದ ಹೊದಿಸಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ಅಚ್ಚು ತೆಗೆದೆ. ಪುಸ್ತಕದಲ್ಲಿ ಓದಿದ್ದಷ್ಟೇ, ಮಾಡಿರಲಿಲ್ಲ. ಮೂರನೆಯದು ಸರಿ ಬಂತು. ಮೂಲೆಯಲ್ಲಿ ತಾರೀಖು ಬರೆದೆ.

ಐಶ್ವರ್ಯ ಬಂದಿರಲಿಲ್ಲ. ಆಕೆಗೆ ನೆಗಡಿ.

ನವೆಂಬರ್ 27, ಗುರುವಾರ

ಒಂದು ಶಿಫಾರಸು ನಾನು ಬರೆಯಬೇಕು, ಇನ್ನೊಂದಕ್ಕೆ ಧಾರವಾಡದ ಸಂಗನಬಸವ ಸರ್‌ಗೆ ಫೋನು ಮಾಡಿದೆ. ನಾನು ಎಂ.ಎ. ಓದುವಾಗ ಶಾಸನಶಾಸ್ತ್ರ ಕಲಿಸುತ್ತಿದ್ದವರು. ಎಂಬತ್ತು ದಾಟಿದೆ. ಕಿವಿ ಚುರುಕಾಗಿಯೇ ಇದೆ.

ಅವರ ವಿದ್ಯಾರ್ಥಿನಿ ಎಂದು ಹೇಳಿಕೊಳ್ಳುವ ಹಕ್ಕು ನನಗಿಲ್ಲ. ಶಾಸನಶಾಸ್ತ್ರದ ತರಗತಿ ಇದ್ದದ್ದು ಮಧ್ಯಾಹ್ನ ಮೂರೂವರೆಗೆ; ಮೊರಬಕ್ಕೆ ಕೊನೆಯ ಬಸ್ಸು ನಾಲ್ಕಕ್ಕೆ. ಹಾಸ್ಟೆಲು ಬೇಡ ಎಂದರು ಅಪ್ಪ. ಹೀಗಾಗಿ ಬೆಳಿಗ್ಗೆ ಹನ್ನೊಂದಕ್ಕಿದ್ದ ಭಾಷಾವಿಜ್ಞಾನ ತೆಗೆದುಕೊಂಡೆ. ಅದು ಹಳೆಯ ಮಾತು, ಇಲ್ಲಿ ಬರೆಯುವ ಕಾರಣವಿಲ್ಲ.

ಸರ್‌ಗೆ ಕಲ್ಲಿನ ವಿಷಯ ಹೇಳಿದೆ. ಸುಣ್ಣದ ಪದರು, ದುಂಡಕ್ಷರ, ಉಳಿದ ಶಾಪ. ಮುಕ್ಕಾಲು ತಾಸು ಕೇಳಿದರು. “ಯಾರು ಮಾಡಿದ ಕೆಲಸ ಇದು?” ಎಂದರು. ಹುಡುಗಿ ಎಂದೆ. “ಅಚ್ಚು ತಗದವರು?” ಹುಡುಗಿ ಎಂದೆ. “ಮ್, ತಿಳೀತು. ಪೋರ್ಟಲ್ಲು ಗೀರ್ಟಲ್ಲು ನನಗ ಬರೂದಿಲ್ಲ, ಟಪಾಲಿಗೆ ಹಾಕತೀನಿ,” ಎಂದು ಇಟ್ಟುಬಿಟ್ಟರು.

ನನ್ನ ಶಿಫಾರಸು ಇನ್ನೂ ಮುಗಿದಿಲ್ಲ. ‘ಈಕೆ’ ಎಂಬುದರ ಮುಂದೆ ಹೋಗುತ್ತಿಲ್ಲ. ಉದ್ದೇಶ ಪತ್ರದಲ್ಲಿ ಅಷ್ಟು ಸರಾಗವಾಗಿ ಬಂದ ಸುಳ್ಳು ಇಲ್ಲಿ ಯಾಕೆ ಹಟ ಹಿಡಿದಿದೆಯೋ.

ಡಿಸೆಂಬರ್ 4, ಗುರುವಾರ

ಸರ್ ಪತ್ರ ಬಂತು. ವಯಸ್ಸು ಯಾರನ್ನೂ ಬಿಡುವುದಿಲ್ಲ. ಹೆಸರೇ ತಪ್ಪು ಬರೆದಿದ್ದಾರೆ, ಹುಡುಗಿಯದರ ಬದಲು ನನ್ನದು.

‘ಶ್ರೀಮತಿ ಊರ್ಮಿಳಾ ಅವರನ್ನು ನಾನು ಇಪ್ಪತ್ತಾರು ವರ್ಷಗಳಿಂದ ಬಲ್ಲೆ. ಇವರು ನನ್ನ ತರಗತಿಗೆ ಒಂದು ದಿನವೂ ಬರಲಿಲ್ಲ. ಪ್ರತಿದಿನ ಬಾಗಿಲ ಹೊರಗೆ ಚೀಲ ಹಿಡಿದು ನಿಂತು ಹತ್ತು ನಿಮಿಷ ಕೇಳಿ ಬಸ್ಸಿಗೆ ಓಡುತ್ತಿದ್ದರು. ಒಳಗೆ ಕೂತ ಹದಿನಾಲ್ಕು ಜನರಲ್ಲಿ ಈಗ ಯಾರೂ ಶಾಸನ ಓದುತ್ತಿಲ್ಲ.’ ಹೀಗೆ ಒಂದು ಪುಟ.

ಅವರು ನೋಡಿದ್ದರು ಎಂಬುದು ನನಗೆ ಗೊತ್ತಿರಲಿಲ್ಲ.

ತಿದ್ದಿ ಕಳಿಸಿರಿ ಎಂದು ಫೋನು ಮಾಡಬೇಕು. ಇಂದು ಬೇಡ. ಪತ್ರವನ್ನು ಈ ದಿನಚರಿಯೊಳಗೇ ಇಟ್ಟಿದ್ದೇನೆ, ಕಳೆಯಬಾರದೆಂದು.

ಡಿಸೆಂಬರ್ 8, ಸೋಮವಾರ

ಸಂಜೆ ಐಶ್ವರ್ಯ ಬಂದಳು. ಕೂಡಲಿಲ್ಲ, ತಾಯಿಯ ಹಾಗೆ ಬಾಗಿಲಿಗೆ ಆತುಕೊಂಡು ನಿಂತಳು.

“ಮೇಡಂ, ಬೈಬ್ಯಾಡ್ರಿ.”

“ಏನಾತು?”

“ನನಗ ಡ್ರೋನ್ ತರಬೇತಿಗೆ ಸೀಟ್ ಬಂದೈತ್ರಿ. ಜನವರಿ ಐದರಿಂದ. ನಮ್ಮ ಕಡೆ ಹೆಣ್ಮಕ್ಕಳು ಇಬ್ಬರ ಅದಾರಂತ. ಅಪ್ಪ ಹೂಂ ಅಂದಾನ್ರಿ. ಮೊದಲ ನಮ್ಮ ಹೊಲಕ್ಕ ಹೊಡಿ, ಆಮ್ಯಾಲೆ ಮಂದೀ ಹೊಲಕ್ಕ ಅಂದ.”

“ಮತ್ತ ಅರ್ಜಿ? ಇಷ್ಟು ಕೆಲಸ ಆಗ್ಯದ. ವರದಿ ಮುಗಿಯಾಕ ಬಂದದ.”

“ಮೇಡಂ, ಆ ಅರ್ಜ್ಯಾಗ ನನ್ನ ಹೆಸರು, ಆಧಾರ್ ನಂಬರು ಬಿಟ್ರ ನಂದು ಏನೈತ್ರಿ?” ಎಂದು ನಕ್ಕಳು. ಕುಹಕವಿರಲಿಲ್ಲ. ಅದಕ್ಕೇ ಹೆಚ್ಚು ಬೇಸರವಾಯಿತು.

ನಿನ್ನ ಭವಿಷ್ಯ, ನೀನು ಯೋಚಿಸು ಎಂದೆ. ಮಕ್ಕಳಿಗೆ ಅವಕಾಶ ಎದುರಿಗೆ ಬಂದಾಗ ಗುರುತು ಹತ್ತುವುದಿಲ್ಲ, ಬಸ್ಸು ಹೋದ ಮೇಲೆ ಗೊತ್ತಾಗುತ್ತದೆ ಎಂದೂ ಹೇಳಿದೆ. “ಹೌದ್ರಿ,” ಎಂದು ತಲೆಯಾಡಿಸಿ ಹೋದಳು.

ನಾನು ಸಿಟ್ಟಾಗಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಬಿತ್ತು, ಅಷ್ಟೆ.

ಡಿಸೆಂಬರ್ 9, ಮಂಗಳವಾರ

ಬರೆಯುವಂಥದ್ದೇನೂ ಇಲ್ಲ.

ಡಿಸೆಂಬರ್ 13, ಶನಿವಾರ

ವರದಿ ಮುಗಿಸಿದೆ. ಅರ್ಧಕ್ಕೆ ಬಿಡುವುದು ನನ್ನ ಸ್ವಭಾವವಲ್ಲ. ಎರಡು ಸಾವಿರದ ನೂರು ಪದ. ಯಾರೂ ಓದದಿದ್ದರೂ ಊರಿಗೊಂದು ದಾಖಲೆಯಾಗುತ್ತದೆ.

ಡಿಸೆಂಬರ್ 19, ಶುಕ್ರವಾರ, ಎಳ್ಳಮಾಸಿ

ಸಾವಿತ್ರೆವ್ವ ಕರೆದಿದ್ದಳೆಂದು ಅವರ ಟ್ರ್ಯಾಕ್ಟರಿನಲ್ಲೇ ಚರಗಕ್ಕೆ ಹೋಗಿದ್ದೆ. ಸಜ್ಜೆರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಕಡುಬು, ಬಾನ. ಬುಟ್ಟಿ ಇಳಿಸಲು ನಾಲ್ಕು ಕೈ ಬೇಕಾದವು. ಕಡಲೆ ಹೂ ಬಿಟ್ಟಿತ್ತು, ಜೋಳ ಎದೆಮಟ್ಟ. ಕಲ್ಲು ತೋರಿಸಿ ಎಲ್ಲರಿಗೂ ನಾಲ್ಕು ಮಾತು ಹೇಳಬೇಕೆಂದು ಮನಸ್ಸಿನಲ್ಲೇ ಭಾಷಣ ಜೋಡಿಸಿಕೊಂಡಿದ್ದೆ.

ಬನ್ನಿಗಿಡದ ಬುಡಕ್ಕೆ ಪಾಂಡವರು ಐದೂ ಜನ ಬೆಳ್ಳಗೆ ಕುಳಿತಿದ್ದರು. ಐದೂ!

ನಡುವಿನದು ಯಾವುದೋ ಹೊಸ ಗುಂಡುಕಲ್ಲು. ನನ್ನ ಕಲ್ಲು ಅಲ್ಲಿಲ್ಲ.

“ಶಂಕ್ರಪ್ಪನವರ, ಧರ್ಮರಾಯ ಎಲ್ಲಿ?”

“ಇಲ್ಲೇ ಅದಾನಲ್ರಿ.” ಗುಂಡುಕಲ್ಲು ತೋರಿಸಿದರು. “ಕಾಲವಿ ದಂಡ್ಯಾಗ ಸಿಕ್ಕ. ಅಗದಿ ಚೊಲೋ ಅದಾನ.”

“ಹಳೇದು?”

ಬನ್ನಿಗಿಡದ ಹಿಂದೆ ತೋರಿಸಿದರು. ಒಂಬೈನೂರು ವರ್ಷದ ನಾಲ್ಕೂವರೆ ಸಾಲು ಕಳ್ಳನ ಜಾಗದಲ್ಲಿ, ಸ್ವಲ್ಪ ಓರೆಯಾಗಿ, ನಾನು ತಿಕ್ಕಿ ತಿಕ್ಕಿ ತೊಳೆದ ಕಪ್ಪು ಮೈಯಲ್ಲಿ ಕೂತಿತ್ತು. ಹಳೆಯ ಕಳ್ಳ ಬದುವಿನ ಮೇಲೆ ಬಿದ್ದಿದ್ದ, ಸೇವೆಯಿಂದ ನಿವೃತ್ತನಾಗಿ.

“ನೀವು ಸುಣ್ಣಾ ಎಲ್ಲಾ ತಗದ್ರಿ. ಬತ್ತಲ ಇರೂ ಪಾಂಡವ ಎಲ್ಯಾರ ಅದಾನೇನ್ರಿ ಅಕ್ಕೋರ? ಸುಣ್ಣ ಇಲ್ದಾಂವ ಕಳ್ಳನ.”

“ಅಯ್ಯೋ, ಅದರ ಮ್ಯಾಲೆ ಬರದದ್ರಿ! ಶಾಸನ ಅದು. ಓದಾಕ ಬರತದ.”

ಶಂಕ್ರಪ್ಪನವರು ಕಲ್ಲಿನ ಹತ್ತಿರ ಬಗ್ಗಿ ನೋಡಿದರು. ಅವರು ನನ್ನನ್ನು ಗೇಲಿ ಮಾಡುವವರಲ್ಲ. “ಓದಾಕ ಬಂತಂದ್ರ ಅದು ಕಾಗದಪತ್ರ ಆತ್ರಿ,” ಎಂದರು. “ದೇವರು ಹೆಂಗಾಕ್ಕಾನ?”

ಐಶ್ವರ್ಯ ಮುಖ ಆ ಕಡೆ ತಿರುಗಿಸಿ ನಗುತ್ತಿದ್ದಳು. ಹಿಂದೊಬ್ಬರು ನೀರು ಚಿಮುಕಿಸುತ್ತ, ಮುಂದೊಬ್ಬರು “ಹುಲ್ಲುಲ್ಲಿಗ್ಯೋ…” ಎಂದು ಕೂಗಿ ಅನ್ನ ಚೆಲ್ಲುತ್ತ ಹೊಲ ಸುತ್ತಿ ಬಂದರು.

ಎಡೆ ಇಡುವಾಗ ನೋಡಿದೆ. ಸಾವಿತ್ರೆವ್ವ ಪಾಂಡವರಿಗೆ ಒಂದೊಂದು ಕಡುಬು ಇಟ್ಟಳು. ಗಿಡದ ಹಿಂದೆ ಹೋಗಿ ಕಳ್ಳನಿಗೆ ಎರಡು.

“ಕಳ್ಳಗ್ಯಾಕ ಎರಡು?”

“ಹಸದು ಕುಂತ ಕಳ್ಳ ಹೊಲಾ ಬಿಟ್ಟು ಹೋಗೂದಿಲ್ರಿ. ಹೊಟ್ಟಿ ತುಂಬಿದ್ರ ಎದ್ದು ತನ್ನ ದಾರಿ ಹಿಡೀತಾನ.”

ಉಣ್ಣಲು ಕೂತಾಗ ನನ್ನ ತಟ್ಟೆಗೂ ಎರಡು ಬಿದ್ದವು. ಆಕೆ ಎಲ್ಲರಿಗೂ ಹಾಗೇ ಬಡಿಸುತ್ತಾಳೆ ಎಂದುಕೊಂಡೆ.

ಡಿಸೆಂಬರ್ 27, ಶನಿವಾರ

ವರದಿಗೆ ಒಂದು ಪುಟ ಸೇರಿಸಿದೆ: ಕಲ್ಲು ಈಗ ಎಲ್ಲಿದೆ, ಯಾಕಿದೆ, ಅದನ್ನು ಅಲ್ಲಿಗೆ ಕಳಿಸಿದವರು ಯಾರು. ಕೊನೆಯದಕ್ಕೆ ‘ಸಂಶೋಧಕಿ’ ಎಂದು ಬರೆದೆ. ಐಶ್ವರ್ಯ ತನ್ನ ಪರಿಚಯದ ಡ್ರೋನಿನವನಿಂದ ಹೊಲದ ಚಿತ್ರ ಮೇಲಿನಿಂದ ತೆಗೆಸಿ ಕಳಿಸಿದ್ದಾಳೆ. ಬನ್ನಿಗಿಡ ಒಂದು ಹಸಿರು ಗುಂಡಿ, ಐದು ಬಿಳಿ ಚುಕ್ಕೆ. ಕಳ್ಳ ಕಾಣುವುದಿಲ್ಲ, ನೆರಳಿನಲ್ಲಿದ್ದಾನೆ.

ಈ ಪೋರ್ಟಲ್ಲು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದುಕೊಳ್ಳುವುದು ಒಳ್ಳೆಯದು. ಮುಂದಿನ ವರ್ಷ ಬೇರೆ ಹುಡುಗಿಯರಿಗೆ ಉಪಯೋಗವಾದೀತು. ಪರೀಕ್ಷೆಗೆಂದು ನನ್ನ ಹೆಸರನ್ನೇ ಹಾಕಿ ನೋಡಿದೆ. ಹುಟ್ಟಿದ ವರ್ಷದ ಪಟ್ಟಿ ಮೇಲಿನಿಂದ ಇಳಿಯುತ್ತದೆ. ಬೆರಳಿನಿಂದ ಎಷ್ಟು ತಳ್ಳಿದರೂ ನಾನು ಬರಲೊಲ್ಲೆ. ಕಡೆಗೆ ಬಂದೆ.

ಉದ್ದೇಶ ಪತ್ರವನ್ನು ನನಗೆ ತಕ್ಕ ಹಾಗೆ ತಿದ್ದೋಣ ಎಂದು ತೆರೆದರೆ ತಿದ್ದುವುದಕ್ಕೆ ಏನೂ ಸಿಗಲಿಲ್ಲ. ಆಶ್ಚರ್ಯ. ಸರ್ ಪತ್ರದ ಹೆಸರೂ ಹೊಂದಿಕೆಯಾಗುತ್ತದೆ. ತಿದ್ದಿಸುವ ಕೆಲಸ ತಪ್ಪಿತು. ಎರಡನೆಯ ಶಿಫಾರಸನ್ನು ನಮ್ಮ ಪ್ರಾಂಶುಪಾಲರು ಐದು ನಿಮಿಷದಲ್ಲಿ ಕೊಟ್ಟರು, ಯಾರಿಗೆ ಎಂದೂ ಕೇಳದೆ.

ಡಿಸೆಂಬರ್ 31, ಬುಧವಾರ

ಪುಣೆ ಹತ್ತಿರದ್ದೊಂದನ್ನೇ ತುಂಬಿದ್ದು. ಇಷ್ಟು ತುಂಬಿ ಸಲ್ಲಿಸದಿದ್ದರೆ ಪರೀಕ್ಷೆ ಪೂರ್ಣವಾಗುವುದಿಲ್ಲ. ಹೀಗಾಗಿ ಸಲ್ಲಿಸಿದೆ.

ಕೃಷ್ಣಾಜಿಯವರು ಚಹಾ ಕುಡಿಯುತ್ತ ಕೇಳಿದರು, “ಯಾರದು ಅರ್ಜಿ?”

“ಐಶ್ವರ್ಯಂದು.”

“ಹೌದು? ಐಶ್ವರ್ಯನ ಓಟಿಪಿ ನನ್ನ ಫೋನಿಗೆ ಯಾಕ ಬಂತು?”

ನಾನು ಲ್ಯಾಪ್‌ಟಾಪು ಮುಚ್ಚಿದೆ. ಅವರು ಚಹಾದ ಕಪ್ಪು ಎತ್ತಿಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅಡಿಗೆಮನೆಯಿಂದ ಕೂಗಿದರು, “ಉಪ್ಪಿಟ್ಟಿಗೆ ರವಾ ಎಷ್ಟು, ನೀರು ಎಷ್ಟು?”

“ಯಾಕ?”

“ಸುಮ್ಮನ. ಪರೀಕ್ಷಾ.”

ಜನವರಿ 22, ಗುರುವಾರ

ವಿಡಿಯೋ ಸಂದರ್ಶನ. ಪರದೆಯಲ್ಲಿ ಮೂವರು. ಒಬ್ಬಾಕೆ ನನ್ನ ಕೊನೆಯ ವರ್ಷದ ವಿದ್ಯಾರ್ಥಿನಿಯಂತಿದ್ದಳು. ವಿಡಿಯೋಗೆ ಸಾಲುವಷ್ಟು ನೆಟ್‌ವರ್ಕ್ ನಮ್ಮ ಮಾಳಿಗೆಯ ಮೇಲೆ ಮಾತ್ರ ಬರುತ್ತದೆ. ಮೆಣಸಿನಕಾಯಿ ಒಣಹಾಕಿದ್ದರಿಂದ ನಡುನಡುವೆ ಸೀನಿ ಕ್ಷಮೆ ಕೇಳಿದೆ.

ಇಷ್ಟು ತಡವಾಗಿ ಯಾಕೆ ಎಂದು ಕೇಳಿದರು. ತರಗತಿ ಮೂರೂವರೆಗಿತ್ತು, ಬಸ್ಸು ನಾಲ್ಕಕ್ಕಿತ್ತು ಎಂದೆ. ಅವರಿಗೆ ತಿಳಿಯಲಿಲ್ಲ. ಬಿಡಿಸಿ ಹೇಳುವಷ್ಟು ಹೊತ್ತು ನೆಟ್‌ವರ್ಕ್ ಇರಲಿಲ್ಲ.

ಕಲ್ಲನ್ನು ವಸ್ತುಸಂಗ್ರಹಾಲಯಕ್ಕೆ ಯಾಕೆ ಸೇರಿಸಲಿಲ್ಲ ಎಂದು ಹಿರಿಯರೊಬ್ಬರು ಕೇಳಿದರು. “ಅಲ್ಲಿ ಅದಕ್ಕೆ ಊಟ ಹಾಕುವವರಿಲ್ಲ ಸರ್. ಇಲ್ಲಿ ವರ್ಷಕ್ಕೊಮ್ಮೆಯಾದರೂ ಎರಡು ಕಡುಬು ಸಿಗುತ್ತವೆ,” ಎಂದೆ. ಮೂವರೂ ಏನೋ ಬರೆದುಕೊಂಡರು. ಅಲ್ಲಿಗೆ ಕೆಟ್ಟಿತು ಎನ್ನಿಸಿತು. ಒಳ್ಳೆಯದೇ ಆಯಿತು. ಪರೀಕ್ಷೆಗೆಂದು ಮಾಡಿದ್ದು ಪರೀಕ್ಷೆಗೇ ಮುಗಿಯಲಿ.

ಇಳಿದು ಬಂದು ಸೀರೆ ಬದಲಿಸದೆ ಒಂದು ತಾಸು ಕೂತಿದ್ದೆ.

ಫೆಬ್ರುವರಿ 20, ಶುಕ್ರವಾರ

ಸೀಟು ಬಂದಿದೆ. ಎರಡು ವರ್ಷ. ಜುಲೈಯಿಂದ.

ಫೆಬ್ರುವರಿ 22, ಭಾನುವಾರ

ಒಪ್ಪಿಗೆ ಕಳಿಸಲು ಇಪ್ಪತ್ತೆಂಟು ಕೊನೆಯ ದಿನ. ಹೋಗದಿರುವುದಕ್ಕೆ ಕಾರಣಗಳನ್ನು ಬರೆದು ನೋಡಿದೆ. ಉದ್ದೇಶ ಪತ್ರಕ್ಕಿಂತ ಚೆನ್ನಾಗಿ ಬಂದಿದೆ. ಮಂಡಿನೋವು. ಕಾಲೇಜು. ನಲವತ್ತೊಂಬತ್ತಕ್ಕೆ ಹಾಸ್ಟೆಲು. ನಮ್ಮವರ ಉಪ್ಪಿಟ್ಟು, ಮೂರು ಸಲ ಮಾಡಿದ್ದಾರೆ, ಮೂರು ಸಲವೂ ಗಂಟು.

ಆದರೆ ಇವು ಯಾವುವೂ ನಿಜವಾದ ಕಾರಣವಲ್ಲ. ನಿಜವಾದದ್ದನ್ನು ಇಲ್ಲಿಯಾದರೂ ಬರೆಯಬೇಕು. ಮಗಳಿಗೆ ಅರ್ಜಿ ಬರೆದುಕೊಡಿ ಎಂದು ಒಬ್ಬಳು ಬಾಗಿಲಿಗೆ ಬಂದಳು. ನಾನು ಅದನ್ನು ಇಟ್ಟುಕೊಂಡೆ. ಹುಡುಗಿ ತಾನಾಗಿ ಬಿಟ್ಟಳು, ನಿಜ. ಆದರೆ ಆಕೆ ಬಿಡುವ ಮೊದಲೇ ನಾನು ಹಿಡಿದಿದ್ದೆ. ಮೊದಲ ದಿನದ ಆ ಅಜ್ಜನಿಂದಲೇ. ಅವಳ ಹೊಲದ ಕಲ್ಲಿನ ದೇವತ್ವವನ್ನೂ ತಿಕ್ಕಿ ತೆಗೆದೆ.

ಸಾವಿತ್ರೆವ್ವನಿಗೆ ಇನ್ನೂ ಹೇಳಿಲ್ಲ. ಎರಡು ದಿನದಿಂದ ಆಕೆಯ ದನಿ ಕೇಳಿದರೆ ಹಿತ್ತಲಿಗೆ ಹೋಗುತ್ತೇನೆ.

ಫೆಬ್ರುವರಿ 25, ಬುಧವಾರ

ಸಂಗನಬಸವ ಸರ್‌ಗೆ ಫೋನು ಮಾಡಿ, ನೀವು ಹೆಸರು ತಪ್ಪು ಬರೆದದ್ದರಿಂದ ಇಷ್ಟೆಲ್ಲ ಆಯಿತು ಎಂದೆ.

“ಇಪ್ಪತ್ತಾರು ವರ್ಷದ ಹಿಂದ ಹಾಜರಿ ಪುಸ್ತಕದಾಗ ನಿನ್ನ ಹೆಸರು ಬರೀಲಿಲ್ಲ, ಅದು ತಪ್ಪು,” ಎಂದರು.

ಫೋನಿಟ್ಟು ಅವರ ಪತ್ರವನ್ನು ದಿನಚರಿಯಿಂದ ತೆಗೆದು ಮತ್ತೊಮ್ಮೆ ಓದಿದೆ.

ಫೆಬ್ರುವರಿ 28, ಶನಿವಾರ

ಸಂಜೆ ಐದಕ್ಕೆ ಪೋರ್ಟಲ್ಲು ಮುಚ್ಚುತ್ತದೆ. ಈಗ ಮೂರೂವರೆ. ಲ್ಯಾಪ್‌ಟಾಪು ತೆರೆದಿಟ್ಟಿದ್ದೇನೆ. ‘ಒಪ್ಪಿದೆ’, ‘ಒಪ್ಪಿಲ್ಲ’ ಎಂಬ ಎರಡು ಗುಂಡಿಗಳು. ಇಲ್ಲಿ ‘ಇತರೆ’ ಇಲ್ಲ.

ಕೃಷ್ಣಾಜಿಯವರು ಬೆಳಿಗ್ಗೆ ಹೊರಡುವಾಗ, “ನಾ ಏನೂ ಹೇಳೂದಿಲ್ಲ. ಇವತ್ತ ಉಪ್ಪಿಟ್ಟಿನಾಗ ಗಂಟು ಇರಲಿಲ್ಲ, ಅಷ್ಟ ನೋಡಿದಿ ಇಲ್ಲೋ?” ಎಂದು ಬಸ್ಸಿಗೆ ಹೋದರು.

ನೆಲ ಕಾಯುತ್ತದೆ ಎಂಬ ಆ ಸಾಲಿನ ಮುಂದಿನ ಅರ್ಧ ಇನ್ನೂ ನೆನಪಾಗಿಲ್ಲ. ಎಲ್ಲ ಪುಸ್ತಕ ತೆಗೆದು ನೋಡಿದೆ, ಎಲ್ಲೂ ಇಲ್ಲ. ಕೊನೆಗೆ ಸಿಕ್ಕಿದ್ದು ನನ್ನ ಎಂ.ಎ. ನೋಟ್‌ಬುಕ್ಕಿನ ಹಿಂಬದಿಯಲ್ಲಿ, ನನ್ನದೇ ಕೈಬರಹದಲ್ಲಿ. ಒಂದೇ ಸಾಲು. ಮುಂದೆ ಏನೂ ಬರೆದಿಲ್ಲ, ಬಸ್ಸಿಗೆ ಹೊತ್ತಾಗಿರಬೇಕು.

ಬಾಗಿಲು ಬಡಿದರು.

ಹಿತ್ತಲಿಗೆ ಹೋಗುವಷ್ಟು ಹೊತ್ತಿರಲಿಲ್ಲ, ಬಾಗಿಲು ಅರೆ ತೆರೆದೇ ಇತ್ತು. ಸಾವಿತ್ರೆವ್ವ, ಹೊಸ್ತಿಲ ಆಚೆ. ಕೈಯಲ್ಲಿ ಬಿಳಿ ಬಟ್ಟೆಯ ದೊಡ್ಡ ಗಂಟು. ಒಳಗೆ ಬಾ ಎಂದೆ. ಕೆಲಸ ಐತ್ರಿ ಎಂದಳು. ನಾನೇ ಶುರು ಮಾಡಿದೆ, ಸಾವಿತ್ರೆವ್ವ, ನಿನಗೊಂದು ಹೇಳಬೇಕಿತ್ತು, ಆ ಅರ್ಜಿ ಐಶ್ವರ್ಯಂದು, ಆದ್ರ ನಾನು… ಎಂದು ತೊದಲಿದೆ.

“ಗೊತ್ತೈತ್ರಿ. ನಿಮ್ಮ ಯಜಮಾನ್ರು ಐಶಿಗೆ ಹೇಳ್ಯಾರ, ಐಶಿ ನನಗ ಹೇಳ್ಯಾಳ.” ಎಂದು ಗಂಟನ್ನು ನನ್ನ ಎರಡೂ ಕೈಗೆ ಇಟ್ಟಳು. ಭಾರವಿತ್ತು. ದೂರ ಹೊರಟವರಿಗೆ ಕಟ್ಟಿಕೊಡುವ ಕಟಕರೊಟ್ಟಿ, ಬಟ್ಟೆಯ ಮೇಲೆಯೇ ಎಳ್ಳಿನ ವಾಸನೆ.

“ಜುಲೈಗೆ ಇನ್ನೂ ನಾಲ್ಕು ತಿಂಗಳದ,” ಎಂದೆ.

“ಇದನ್ನ ಈಗ ತಿನ್ರಿ, ಆವಾಗ ಮತ್ತ ಬಡಿದು ಕೊಡತೀನಿ. ಕಳ್ಳ ಹಸದು ಕುಂತ್ರ ಹೊಲಾ ಬಿಟ್ಟು ಹೋಗೂದಿಲ್ರಿ ಅಕ್ಕೋರ.”